ಡಿಸ್ಕ್ ಕಾಣದ ಯಂತ್ರ

ಹೊಳೆ ದಂಡೆಯ ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ಅಣೆಕಟ್ಟಿನವರು ನೀರು ಬಿಟ್ಟಾಗ ಎರಡು ಮೈಲಿ ಕೆಳಗಿನ ನಡುಗಡ್ಡೆಯಲ್ಲಿ ಸೈರನ್ ಕೂಗಿಸುವುದು ಅದರ ಕೆಲಸ.

ಶಿಷ್ಯ ಮರುಳಸಿದ್ಧ ಅದನ್ನು ನೋಡಿಕೊಳ್ಳುತ್ತಿದ್ದ. ಚುರುಕಿನವನು. ಆ ವಿಷಯ ಅವನಿಗೂ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನ ಅದರೊಳಗಿನ ಎಲ್ಲವನ್ನೂ ಹೊಸ ಡಿಸ್ಕಿಗೆ ಸಾಗಿಸಿದ್ದ. ಯಂತ್ರವನ್ನು ಒಂದು ಗಳಿಗೆಯೂ ನಿಲ್ಲಿಸಲಿಲ್ಲವೆಂದು ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದ.

ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಯಂತ್ರ ಏಳಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಡಿಸ್ಕ್ ಸಿಗುತ್ತಿಲ್ಲ.

ಅಷ್ಟರಲ್ಲಿ ಅಣೆಕಟ್ಟಿನಿಂದ ಫೋನ್. ನೀರು ಬಿಟ್ಟಾಗಿದೆ, ಅರ್ಧ ಗಂಟೆಯಲ್ಲಿ ನಡುಗಡ್ಡೆ ಮುಳುಗುತ್ತದೆ.

ಅಲ್ಲಿ ಇಪ್ಪತ್ತು ಜನ ಕಲ್ಲಂಗಡಿ ಕೀಳುತ್ತಿದ್ದರು. ಹೊಳೆ ದಾಟುವಾಗ ನೆನೆಯದಿರಲೆಂದು ಫೋನುಗಳನ್ನು ದಡದಲ್ಲೇ ಬಿಟ್ಟಿದ್ದರು.

"ಬುದ್ಧಿ, ಡಿಸ್ಕ್ ಸರಿಯಾಗೇ ಐತೆ! ಇದಕ್ಕೆ ಕಾಣ್ತಿಲ್ಲ!" ಮರುಳಸಿದ್ಧ ಕೂಗಿದ.

ಗುರು ನಿರಂಜನಯ್ಯನವರು ಪಕ್ಕದಲ್ಲಿ ಬಂದು ಕೂತರು. "ಕಾಣೋಕೆ ಏನು ಬೇಕು?"

"ಹೊಸ ಡಿಸ್ಕಿನ ಡ್ರೈವರ್. ಅದನ್ನ ಓದೋದು ಹೇಗಂತ ಯಂತ್ರಕ್ಕೆ ಹೇಳಿಕೊಡೋ ಪ್ರೋಗ್ರಾಂ."

"ಅದು ಎಲ್ಲೈತೆ?"

"ಆ ಡಿಸ್ಕಿನ ಒಳಗೇ..."

"ಏಳೋ ಹೊತ್ತಿಗೆ ಇದರ ಕೈಯಲ್ಲಿ ಏನಿರುತ್ತೆ?"

"ಒಂದು ಸಣ್ಣ ಗಂಟು, ಬುದ್ಧಿ. ಡಿಸ್ಕ್ ಸಿಗೋವರೆಗೆ ಅದೇ ಬುತ್ತಿ. ಅದರಲ್ಲಿ ಹಳೇ ಡಿಸ್ಕಿನ ಡ್ರೈವರ್ ಮಾತ್ರ ಐತೆ. ಹೊಸದನ್ನ ನಾನು ಕಟ್ಟಲಿಲ್ಲ."

"ಅಳೋದು ಆಮೇಲೆ. ಈಗ ನೀನೇ ಉಣ್ಣಿಸು."

ಪೆನ್ ಡ್ರೈವಿನಲ್ಲಿ ಹೊಸ ಡ್ರೈವರಿನ ಒಂದು ಪ್ರತಿ ಇತ್ತು. ಅದನ್ನು ಸಿಕ್ಕಿಸಿ, ಡ್ರೈವರನ್ನು ಕೈಯಾರೆ ಕೊಡಹೋದ. ಎರಡು ಸಲ ತಪ್ಪು ಟೈಪ್ ಮಾಡಿದ. ಗುರುಗಳು ಗಡಿಯಾರ ನೋಡಿದರು.

ಮೂರನೇ ಸಲಕ್ಕೆ ಡಿಸ್ಕ್ ಕಂಡಿತು. ದೂರದಲ್ಲಿ ಸೈರನ್ ಕೂಗಿತು.

ಸ್ವಲ್ಪ ಹೊತ್ತಿಗೆ ಕೂಲಿಯವರ ಮೇಸ್ತ್ರಿ ಫೋನ್ ಮಾಡಿದ. ಇಪ್ಪತ್ತು ಜನವೂ ದಡ ಸೇರಿದ್ದರು. ಒಂದು ಲೋಡು ಹಣ್ಣು ಹೊಳೆಪಾಲಾಯಿತೆಂದು ಬೈದ. ಆ ಬೈಗುಳ ಕೇಳಿ ಮರುಳಸಿದ್ಧನಿಗೆ ಅಳುವೇ ಬಂತು.

ಕಣ್ಣೊರೆಸಿಕೊಂಡು ಮತ್ತೇನೋ ಟೈಪ್ ಮಾಡಿದ. "ಇನ್ನು ಭಯ ಇಲ್ಲ, ಬುದ್ಧಿ. ಹೊಸ ಡ್ರೈವರನ್ನೂ ಗಂಟಿಗೆ ಕಟ್ಟಿದೀನಿ."

"ನಿಲ್ಲಿಸಿ, ಎಬ್ಬಿಸಿ ನೋಡಿದ್ಯಾ?"

"ನಡೀತಾ ಇರೋದನ್ನ ಯಾಕೆ ನಿಲ್ಲಿಸೋದು? ಏಳದೇ ಹೋದ್ರೆ?"

ಗುರುಗಳು ಬಗ್ಗಿ ಪ್ಲಗ್ ಕಿತ್ತರು. ಪರದೆ ಕಪ್ಪಾಯಿತು.

"ಅಯ್ಯೋ, ಬುದ್ಧಿ!"

"ಎಲ್ಲರೂ ದಡದ ಮೇಲಿದಾರೆ, ಮರುಳಸಿದ್ಧ. ಇದು ಕೈ ಕೊಡೋದಿದ್ರೆ ಈಗಲೇ ಕೊಡಲಿ."