ಹೂಂಗಲ್ಲು

ಸೋಲಿಗರ ಹಾಡಿಯಾದ ಬೆಜ್ಜಲಟ್ಟಿ ಪೋಡಿನಲ್ಲಿ ಗುಡಿಸಲುಗಳು ಮುಗಿದು ಕಾಡು ಶುರುವಾಗುವ ಕಡೆ, ಮತ್ತಿಮರದ ಪಕ್ಕ, ಒಂದು ಅಗಲವಾದ ಬಂಡೆಯಿದೆ. ಕುಂಕುಮವಿಲ್ಲ, ಪೂಜೆಯಿಲ್ಲ. ಆದರೂ ಸುತ್ತಿನವರೆಲ್ಲ ಅದನ್ನು ಹೂಂಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಪೋಡಿನಲ್ಲಿ ಬೊಮ್ಮವ್ವ ಎಂಬ ಕತೆಗಾತಿ ಇದ್ದಳಂತೆ. ಸಂಜೆ ಬೆಂಕಿಯ ಮುಂದೆ ಅವಳು ಬಾಯಿ ತೆರೆದರೆ ಗೆಣಸು ಸುಡುವವರು ಗೆಣಸನ್ನೇ ಮರೆಯುತ್ತಿದ್ದರು. ಕತೆಗೆ ಹೂಂಗುಟ್ಟುವ ಹಕ್ಕು ಮಾತ್ರ ಹಾಲುಹಲ್ಲಿನ ಮಕ್ಕಳದು. ಮಗು ಹೂಂ ಅನ್ನದೆ ಕತೆ ಮುಂದೆ ಹೋಗಬಾರದೆಂಬುದು ಪೋಡಿನ ಕಟ್ಟಳೆ. ಕೇತಿ ಎಂಬ ಪುಟ್ಟ ಹುಡುಗಿ ಹೂಂಗುಟ್ಟಿ ಸುಮ್ಮನಾಗುತ್ತಿರಲಿಲ್ಲ. “ಆಮೇಲೆ ಆನೆಮರಿ ಯಾರ ಹತ್ರ ಮಲಗ್ತು?” ಎನ್ನುವಳು. ಕತೆಯಲ್ಲಿ ಆನೆಮರಿಯೇ ಇರಲಿಲ್ಲ! ಜನ ಬಿದ್ದು ಬಿದ್ದು ನಕ್ಕು, ಮರುದಿನ ಕೇತಿಯನ್ನೇ ತಡೆದು, “ಆನೆಮರಿ ಏನಾಯ್ತಮ್ಮಿ?” ಎಂದು ಕೇಳುವರು. ಬೊಮ್ಮವ್ವನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ತಲೆ ಹಣ್ಣಾಗುವವರೆಗೆ ತಾನು ಸಾಕಿದ ಕತೆಯನ್ನು ನಿನ್ನೆ ಮೊನ್ನೆ ನಡೆಯಲು ಕಲಿತ ಕೂಸು ಎತ್ತಿಕೊಂಡು ಹೋಗುವುದೇ?

“ಇನ್ಮೇಲೆ ಕತೆ ಹೊತ್ತಲ್ಲಿ ಕೂಸುಗಳು ಬ್ಯಾಡ,” ಎಂದುಬಿಟ್ಟಳು. ಅಂದಿನ ಸಂಜೆ ಮಕ್ಕಳ ಬದಲು ದೊಡ್ಡವರೇ ಹೂಂಗುಟ್ಟಿದರು. ಕತೆ ಗೊತ್ತಿದ್ದವರು ಮೊದಲೇ ಹೂಂ ಎಂದರು, ಉಳಿದವರು ಆಕಳಿಸಿದರು. ಅಷ್ಟರಲ್ಲಿ ಬಂಡೆಯ ಕಡೆಯಿಂದ ಮಕ್ಕಳ ನಗು ಕೇಳಿತು. ಬೊಮ್ಮವ್ವ ಕತೆಯನ್ನು ಅರ್ಧಕ್ಕೇ ಬಿಟ್ಟೆದ್ದು ಹೋಗಿ ಮತ್ತಿಮರದ ಮರೆಯಲ್ಲಿ ನಿಂತಳು. ಬಂಡೆಯ ಮೇಲೆ ಕುಳಿತ ಕೇತಿ, ಹಿರಿಯರು ಮೊದಲ ಜೇನು ಕಂಡ ಕತೆಯನ್ನು ಹೇಳುತ್ತಿದ್ದಳು. ಅದೇ ಮಾತು, ಅದೇ ರಾಗ, ನಡುನಡುವೆ ಬೊಮ್ಮವ್ವನ ಕೆಮ್ಮು ಕೂಡ! ಕತೆಯ ಹಿರಿಯರು ಹಳ್ಳ ದಾಟಿದ ಮೇಲೆ ಕೇತಿಗೆ ಕತೆಯ ದಾರಿ ತಪ್ಪಿತು. ಮಕ್ಕಳು ಕಾದರು. ಮುದುಕಿಗೆ ಒಳಗೇ ಹಿಗ್ಗು: ಒದ್ದಾಡಲಿ!

“ಕತೆ ಸತ್ತೋಯ್ತು, ಬನ್ರೋ,” ಎಂದು ಒಂದು ಮಗು ಎದ್ದಿತು.

ಬೊಮ್ಮವ್ವನಿಗೆ ಆಗ ಹೊಳೆಯಿತು: ಸತ್ತದ್ದು ಕೇತಿಯ ಕತೆಯಲ್ಲ, ತನ್ನದು. ಮುಂದಿನ ಮಾತು ನಾಲಿಗೆ ತುದಿಯಲ್ಲೇ ಇತ್ತು. ಹೇಳಿದ್ದರೆ ಎಲ್ಲರೂ ಮತ್ತೆ ಅವಳ ಕಡೆಗೇ ತಿರುಗುತ್ತಿದ್ದರು. ಬಾಯಿಂದ ಹೊರಟದ್ದು ಮಾತ್ರ “ಹೂಂ”.

ಕೇತಿ ತಿರುಗಿ ನೋಡಿದಳು. “ಅಜ್ಜೀ, ಹೂಂ ಅನ್ನೋದು ಕೂಸುಗಳ ಕೆಲ್ಸ ಅಲ್ವಾ?”

“ನನ್ ಬಾಯಲ್ಲಿ ಹಲ್ಲು ಎಲ್ಲಿ ಅದೆ? ನಾನೂ ಕೂಸೇ ಕಣಮ್ಮಿ. ಮುಂದಕ್ಕೆ ಹೇಳು.”

ಹೂಂ ಬಿದ್ದೊಡನೆ ಕತೆಗೆ ಕಾಲು ಬಂತು. ಬೊಮ್ಮವ್ವನ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ ಎನ್ನುತ್ತಾರೆ. ಕೇತಿ ತಪ್ಪಿದ ಕಡೆಯೆಲ್ಲ ಅವಳು ತುಟಿ ಬಿಗಿದು ಕೂರುವಳು. ಕೇತಿ ಹಿಂದಕ್ಕೆ ಹೋಗಿ ಸರಿ ಮಾಡಿಕೊಂಡ ಮೇಲೆಯೇ ಹೂಂ.

ಇಂದಿಗೂ ಹೋದವರು ನೋಡಬಹುದು. ಸಂಜೆಯಾದರೆ ಬಂಡೆಯ ಮೇಲೆ ಮಕ್ಕಳು, ಕೆಳಗೆ ನೆಲದಲ್ಲಿ ಬೊಚ್ಚುಬಾಯಿಯ ಅಜ್ಜ ಅಜ್ಜಿಯರು. ಮೇಲೆ ಕತೆ ತಪ್ಪಿದರೆ, ಕೆಳಗಿನವರು ಹೂಂ ಅನ್ನದೆ ಕಾಯುತ್ತಾರೆ.