ಕೋಳಿಯ ರೆಕ್ಕೆಯಷ್ಟು ಆಕಾಶ

ನವಣೆ ಒಣಹಾಕಿದ್ದ ಅಂಗಳದಲ್ಲಿ ಒಂದು ಕೋಳಿ ತನ್ನ ಮರಿಗಳನ್ನು ಮೇಯಿಸುತ್ತಿತ್ತು. ಬಹಳ ಎತ್ತರದಲ್ಲಿ ಹದ್ದೊಂದು ಕಾಣಿಸಿತು. ಕೋಳಿ ಹೇಳಿತು: "ಮಕ್ಕಳೇ, ಅದು ಈಗ ಆಕಾಶದಲ್ಲಿ ಒಂದು ಕಾಳಿನಷ್ಟು ಜಾಗ ಮುಚ್ಚಿದೆ. ನಾಲ್ಕು ಕಾಳಿನಷ್ಟು ಮುಚ್ಚಿದರೆ ಅರ್ಧ ದಾರಿ ಇಳಿದಿದೆ ಎಂದು ತಿಳಿದು ಸೌದೆಯ ರಾಶಿಯೊಳಗೆ ಓಡಿ."

ಸ್ವಲ್ಪ ಹೊತ್ತಿಗೆ ಹದ್ದು ನಾಲ್ಕು ಕಾಳಿನಷ್ಟಾಯಿತು. ಮರಿಗಳೆಲ್ಲ ಸೌದೆಯೊಳಗೆ ನುಗ್ಗಿದವು. ಹಿರಿಯ ಮರಿ ಮಾತ್ರ ಕದಲಲಿಲ್ಲ.

"ಇಷ್ಟು ದೊಡ್ಡ ಆಕಾಶದಲ್ಲಿ ನಾಲ್ಕು ಕಾಳು ಯಾವ ಲೆಕ್ಕ, ಅಮ್ಮ? ಹತ್ತಾಗಲಿ, ಬರುತ್ತೇನೆ" ಎಂದಿತು.

"ದೂರ ಅರ್ಧವಾದಾಗಲೆಲ್ಲ ಅದು ನಾಲ್ಕು ಪಟ್ಟು ಜಾಗ ಮುಚ್ಚುತ್ತದೆ. ನೀನು ಹತ್ತು ಎನ್ನುವಷ್ಟರಲ್ಲಿ ಹದಿನಾರು ದಾಟಿರುತ್ತದೆ. ಬಾ!"

ಮರಿ ತಲೆ ಎತ್ತಿದಾಗ ಎಲ್ಲಿ ನೋಡಿದರೂ ಹದ್ದೇ ಇತ್ತು. ಮರಿಗೆ ಓಡಲು ಹೊತ್ತೇ ಉಳಿದಿರಲಿಲ್ಲ. ಕೋಳಿ ಹಾರಿ ಬಂದು ಮರಿಯ ಮೇಲೆ ರೆಕ್ಕೆ ಹರಡಿ ಕುಳಿತಿತು. ಹದ್ದಿನ ಉಗುರಿಗೆ ಕೋಳಿಯ ಬೆನ್ನಿನ ಎರಡು ಗರಿಗಳಷ್ಟೇ ಸಿಕ್ಕವು.

ಹದ್ದು ಬೇಲಿಯ ಮೇಲೆ ಕುಳಿತು ಕೇಳಿತು: "ನಿನ್ನ ರೆಕ್ಕೆ ನನ್ನದರ ಕಾಲು ಭಾಗವೂ ಇಲ್ಲ. ನನ್ನನ್ನೇ ಮರಿಯ ಕಣ್ಣಿಂದ ಮರೆಮಾಡಿದೆಯಲ್ಲ, ಹೇಗೆ?"

"ನನ್ನ ರೆಕ್ಕೆ ಚಿಕ್ಕದು, ನಿಜ" ಎಂದಿತು ಕೋಳಿ. "ಆದರೆ ಮರಿಗೂ ಅದಕ್ಕೂ ನಡುವೆ ಬೆರಳಗಲದ ಅಂತರವೂ ಇಲ್ಲ. ಅಲ್ಲಿಂದ ನೋಡಿದರೆ ಆಕಾಶವೆಲ್ಲ ನನ್ನ ರೆಕ್ಕೆಯೇ."