ಮೆಣಸಿನಕಾಯಿ ಪೇಟೆಯ ಕಾಯ್ದೆ

ಶಿಷ್ಯೆ ಕೇಳಿದಳು: "ಗುರುಗಳೇ, ದೇವರ ಹೆಸರಿನಲ್ಲಿ ಮುಖ ಮುಚ್ಚಿಕೊಂಡು ಓಡಾಡುವವರಿದ್ದಾರೆ. ನಾಲ್ಕು ಜನ ಓಡಾಡುವ ಕಡೆ ಹಾಗೆ ಮುಚ್ಚಬಾರದು ಎಂದು ಸರಕಾರ ಕಾಯ್ದೆ ಮಾಡಿದರೆ ಅದು ಸರಿಯೋ, ತಪ್ಪೋ?"

ಅವಳ ಮನೆಯಲ್ಲಿ ಈ ಮಾತಿಗೆ ಎರಡು ಗುಂಪಾಗಿತ್ತು. ಅಣ್ಣ ಒಂದು ಗುಂಪು, ಸೋದರಮಾವ ಇನ್ನೊಂದು ಗುಂಪು. ಊಟಕ್ಕೆ ಕೂತರೆ ಇಬ್ಬರೂ ಅವಳ ಕಡೆ ನೋಡುತ್ತಿದ್ದರು. ಒಂದು ಉತ್ತರ ಸಿಕ್ಕಿದರೆ ಅವಳು ನೆಮ್ಮದಿಯಾಗಿ ಅನ್ನ ಕಲಸಬಹುದಿತ್ತು.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಅವರಿಗೆ ಏನೋ ನೆನಪಾಗಿ ನಗು ಬಂತು. ನಕ್ಕು ಮುಗಿಸಿ ಕತೆ ಶುರುಮಾಡಿದರು.

ಒಂದು ಮೆಣಸಿನಕಾಯಿ ಪೇಟೆ ಇತ್ತು. ಅಲ್ಲಿಗೆ ಹೊಸ ದೊರೆಯೊಬ್ಬ ಬಂದ. ಅವನು ಸಮುದ್ರದ ಕಡೆಯವನು. ಬಂದದ್ದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಆ ಪೇಟೆಯಲ್ಲಿ ಮೆಣಸಿನಕಾಯಿ ಇರುವುದಿಲ್ಲ. ಖಾಲಿ ಅಂಗಳ, ತೊಳೆದ ಕಲ್ಲು, ತಂಪು ಗಾಳಿ. ಊರು ಚೆನ್ನಾಗಿದೆ ಎಂದುಕೊಂಡ.

ದೊರೆ ಒಳ್ಳೆಯವನು. ಬಂದ ತಿಂಗಳಲ್ಲೇ ಎರಡು ಬಾವಿಗಳ ಹೂಳು ತೆಗೆಸಿದ. ಒಂದು ದಿನ ಓಣಿಯಲ್ಲಿ ನಡೆದು ಹೋಗುವಾಗ ಒಬ್ಬ ಗಂಡಸು ತನ್ನ ಅಣ್ಣನ ಮಗಳ ಮುಖಕ್ಕೆ ಕಪ್ಪು ಬಟ್ಟೆ ಎಳೆದು ಕಟ್ಟುತ್ತಿದ್ದುದನ್ನು ಕಂಡ. ಹುಡುಗಿ ಅಳುತ್ತಿದ್ದಳು. ದೊರೆಗೆ ಅದು ಮನಸ್ಸಿನಿಂದ ಹೋಗಲಿಲ್ಲ. ಮನೆಗೆ ಹೋದವನೇ ಗುಮಾಸ್ತನನ್ನು ಕರೆದು ಕಾಯ್ದೆ ಬರೆಸಿದ. ಪೇಟೆಯಲ್ಲಿ, ಬೀದಿಯಲ್ಲಿ, ಕೆರೆಯ ದಂಡೆಯಲ್ಲಿ ಯಾರೂ ದೇವರ ಹೆಸರಿನಲ್ಲಿ ಮುಖ ಮುಚ್ಚಬಾರದು. ಹಲ್ಲುನೋವಿನವರು ಗಲ್ಲಕ್ಕೆ ಬಟ್ಟೆ ಕಟ್ಟುವುದು ಅವನಿಗೆ ಗೊತ್ತಿತ್ತು. ಅದಕ್ಕೆ ಇನ್ನೊಂದು ಸಾಲು ಸೇರಿಸಿದ. ಮೈಗೆ ಬೇಕಾಗಿ, ಕೆಲಸಕ್ಕೆ ಬೇಕಾಗಿ ಮುಚ್ಚಿದರೆ ಅಡ್ಡಿಯಿಲ್ಲ.

ಗುಮಾಸ್ತ ಆ ಊರಿನವನು. ಇದು ಯಾವಾಗಿನಿಂದ ಎಂದು ಕೇಳಿದ. ಸಂಕ್ರಾಂತಿಯಿಂದ ಎಂದ ದೊರೆ. ಗುಮಾಸ್ತ ಒಂದು ಗಳಿಗೆ ಲೇಖನಿ ಹಿಡಿದು ಕೂತ. ಸಂಕ್ರಾಂತಿಗೆ ಈ ಪೇಟೆ ಹೇಗಿರುತ್ತದೆ ಎಂದು ದೊರೆ ಕೇಳಿದ್ದರೆ ಹೇಳುತ್ತಿದ್ದ. ದೊರೆ ಕೇಳಲಿಲ್ಲ. ಗುಮಾಸ್ತ ಬರೆದ.

ಸಂಕ್ರಾಂತಿ ಕಳೆದ ಮೊದಲ ಸೋಮವಾರ ಪೇಟೆ ತೆರೆಯಿತು. ಬೆಳಗಾಗುವಷ್ಟರಲ್ಲಿ ಗಾಡಿಗಳು ಬಂದವು. ಅಂಗಳದ ತುಂಬ ಕೆಂಪು ರಾಶಿ. ಹಮಾಲರು ಚೀಲ ಸುರಿದಂತೆಲ್ಲ ಘಾಟು ಏಳುತ್ತಿತ್ತು. ಆ ಘಾಟಿನಲ್ಲಿ ಬರಿಮುಖದಲ್ಲಿ ನಿಲ್ಲಲಾಗದು. ಹಮಾಲರು ಟವೆಲು ಸುತ್ತಿಕೊಂಡಿದ್ದರು, ದಲಾಲರು ಶಲ್ಯ ಸುತ್ತಿಕೊಂಡಿದ್ದರು, ತೊಟ್ಟು ಮುರಿಯುವ ಹೆಂಗಸರು ಸೆರಗನ್ನು ಮೂಗಿನ ಮೇಲೆ ಎಳೆದು ಹಿಂದೆ ಗಂಟು ಹಾಕಿದ್ದರು. ಮುನ್ನೂರು ಜನ, ಮುನ್ನೂರು ಜೊತೆ ಕಣ್ಣು.

ಬಾಗಿಲಲ್ಲಿ ತಳವಾರ ಯಮನಪ್ಪ ನಿಂತಿದ್ದ. ಕಾಯ್ದೆ ನಡೆಸುವ ಕೆಲಸ ಅವನದು. ಅವನೂ ಮೂಗಿಗೆ ಟವೆಲು ಕಟ್ಟಿದ್ದ. ಬಂದವರನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ. ಈ ಬಟ್ಟೆ ದೇವರಿಗೋ, ಕೆಲಸಕ್ಕೋ? ಕೆಲಸಕ್ಕೆ ಎಂದವರು ಒಳಗೆ ಹೋದರು. ಒಬ್ಬ ಮುದುಕ ತನ್ನದು ಹೆಂಡತಿಯ ಕಣ್ಣು ತಪ್ಪಿಸುವುದಕ್ಕೆ ಎಂದ. ಯಮನಪ್ಪ ಅದನ್ನು ಮೈಗೆ ಬೇಕಾದದ್ದು ಎಂದು ಲೆಕ್ಕ ಹಿಡಿದು ಒಳಗೆ ಬಿಟ್ಟ.

ಜೈನ ಸಾಧ್ವಿಯೊಬ್ಬರು ಪೇಟೆ ಹಾಯ್ದು ಮುಂದಿನ ಊರಿಗೆ ಹೊರಟಿದ್ದರು. ಬಾಯಿಗೆ ಬಿಳಿ ಬಟ್ಟೆ. ಯಮನಪ್ಪ ಕೈಮುಗಿದು ಅದೇ ಪ್ರಶ್ನೆ ಕೇಳಿದ. ದೇವರಿಗಲ್ಲಪ್ಪ, ನನ್ನ ಉಸಿರಿಗೆ ಸಿಕ್ಕಿ ಸಾಯುವ ಸಣ್ಣ ಜೀವಗಳಿಗೆ ಎಂದರು ಅವರು. ಯಮನಪ್ಪ ಕಾಯ್ದೆಯನ್ನು ಮತ್ತೊಮ್ಮೆ ನೆನಪುಮಾಡಿಕೊಂಡ. ಅದರಲ್ಲಿ ಸಣ್ಣ ಜೀವಗಳ ಮಾತಿರಲಿಲ್ಲ. ದಾರಿ ಬಿಟ್ಟ.

ಆಮೇಲೆ ಮಾಲನಬಿ ಬಂದಳು.

ಮಾಲನಬಿ ತೊಟ್ಟು ಮುರಿಯುವ ಹೆಂಗಸರ ಮೊದಲ ಸಾಲಿನ ಯಜಮಾನಿ. ಅವಳ ಕೆಲಸ ಕೇಳಿಸಿಕೊಳ್ಳುವುದು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ಒಳಗಿನ ಬೀಜದ ಸದ್ದು ಕೇಳಿ, ಇದು ಒಣಗಿದೆ, ಇದಕ್ಕೆ ಇನ್ನೊಂದು ಬಿಸಿಲು ಬೇಕು ಎಂದು ಹೇಳುತ್ತಿದ್ದಳು. ಹಸಿ ಕಾಯಿ ಒಂದು ಬಿದ್ದರೆ ಚೀಲವೆಲ್ಲ ಬೂಷ್ಟು ಹಿಡಿಯುತ್ತದೆ. ಅವಳು ಹೇಳಿದ ಚೀಲ ಬೂಷ್ಟು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ.

ಆ ಪೇಟೆಯಲ್ಲಿ ಒಂದು ಪದ್ಧತಿ ಇತ್ತು. ಮೊದಲ ಸೋಮವಾರ, ತಕ್ಕಡಿ ಏರುವುದರೊಳಗೆ, ಯಾರು ಯಾವ ಸಾಲಿನಲ್ಲಿ ಕೂತರೋ ಯುಗಾದಿಯವರೆಗೆ ಆ ಜಾಗ ಅವರದು. ಆ ದಿನ ಕೂರದವರಿಗೆ ಆ ವರ್ಷ ಜಾಗವಿಲ್ಲ. ತಕ್ಕಡಿ ಏರಿ ತೂಕ ಶುರುವಾಗುವುದು ಮಧ್ಯಾಹ್ನಕ್ಕೆ.

ಯಮನಪ್ಪ ಅವಳ ಮುಖದ ಬಟ್ಟೆ ನೋಡಿ ಅದೇ ಪ್ರಶ್ನೆ ಕೇಳಿದ. ಮಾಲನಬಿ ಯೋಚನೆ ಮಾಡಿ ಹೇಳಿದಳು: "ಮನಿಯಿಂದ ಇಲ್ಲೀತನಕ ದೇವರಿಗೆ, ತಮ್ಮಾ. ಇಲ್ಲಿಂದ ಮುಂದ ದೇವರಿಗೂ ಹೌದು, ಘಾಟಿಗೂ ಹೌದು."

"ಹಂಗಾದ್ರ ಅರ್ಧಾ ಬಿಚ್ಚಬೇಕಾಗತದ, ಅಕ್ಕಾ."

"ಯಾವ ಅರ್ಧಾ ಅಂತ ನಿಮ್ಮ ಕಾಯ್ದೆ ತೋರಿಸಿದ್ರ ಬಿಚ್ಚತೀನಿ."

ಒಳಗಿದ್ದ ಹೆಂಗಸರು ಕೂಗಿ ಹೇಳಿದರು. ಬರೀ ಘಾಟಿಗೆ ಅಂದುಬಿಡು, ಒಳಗೆ ಬಾ. ಯಮನಪ್ಪನೂ ತಗ್ಗಿದ ದನಿಯಲ್ಲಿ ಅದನ್ನೇ ಹೇಳಿದ. ಅವಳು ಒಪ್ಪಲಿಲ್ಲ. ಹಸಿ ಕಾಯಿಯನ್ನು ಒಣಗಿದ್ದು ಎಂದು ಇವತ್ತಿನವರೆಗೆ ಹೇಳಿಲ್ಲ, ಇವತ್ತು ಬಟ್ಟೆಯ ವಿಷಯದಲ್ಲಿ ಶುರುಮಾಡುವುದೇ ಎಂದಳು. ಬಾಗಿಲ ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕಲ್ಲಿನ ಮೇಲೆ ಕೂತಳು. ಬಿಸಿಲು ಏರುತ್ತಿತ್ತು.

ಹೊರಗೂ ಬೀದಿಯೇ. ಅಲ್ಲಿಯೂ ಕಾಯ್ದೆ ಇತ್ತು. ಯಮನಪ್ಪನಿಗೆ ಅದು ಹೊಳೆಯಿತು. ಅವನು ಸ್ವಲ್ಪ ಹೊತ್ತು ಒದ್ದಾಡಿ, ತನಗೆ ಹೇಳಿದ್ದು ಪೇಟೆಯ ಬಾಗಿಲು ಕಾಯುವುದಕ್ಕೆ ಎಂದು ತೀರ್ಮಾನಿಸಿ, ಬೀದಿಗೆ ಬೆನ್ನು ಮಾಡಿ ಪೇಟೆಯ ಕಡೆ ತಿರುಗಿ ನಿಂತ.

ಒಳಗೆ ಮೊದಲ ಸಾಲಿಗೆ ಕೈಯೇ ಓಡಲಿಲ್ಲ. ಒಬ್ಬಳು ಹತ್ತು ಕಾಯಿ ಮಡಿಲಲ್ಲಿ ಹಾಕಿಕೊಂಡು ಹೊರಗೆ ಬಂದು ಮಾಲನಬಿಯ ಕಿವಿಗೆ ಹಿಡಿದು, ಒಣಗಿದ್ದು ಯಾವುದೆಂದು ತಿಳಿದುಕೊಂಡು ಹೋದಳು. ಇನ್ನೊಬ್ಬಳು ಬಂದಳು. ನಾಲ್ಕು ಸಲ ತಿರುಗಿದ ಮೇಲೆ ಕಾಲು ನೋವೆಂದು ಮೊದಲಿನವಳು ತನ್ನ ಗೋಣಿತಟ್ಟನ್ನೇ ತಂದು ಬೇವಿನ ಕೆಳಗೆ ಹಾಸಿದಳು. ಹಿಂದೆಯೇ ಹನ್ನೊಂದು ತಟ್ಟು ಬಂದವು. ಸಾಲು ಹೊರಗೆ ಕೂತ ಮೇಲೆ ರಾಶಿ ಒಳಗಿದ್ದು ಏನು ಮಾಡುತ್ತದೆ? ರೈತರು ಚೀಲ ಹೊತ್ತು ಹೊರಗೆ ಸುರಿದರು. ರಾಶಿಯ ಹಿಂದೆ ದಲಾಲರು ಬಂದರು. ಹೊತ್ತು ನೆತ್ತಿಗೆ ಬರುವ ಮುಂಚೆ ತಕ್ಕಡಿಯನ್ನೂ ನಾಲ್ವರು ಹಮಾಲರು ಎತ್ತಿಕೊಂಡು ಬಂದು ಬೇವಿನ ಕೊಂಬೆಗೆ ನೇತುಹಾಕಿದರು. ಯಾರೂ ಜಗಳ ಮಾಡಲಿಲ್ಲ. ಯಾರೂ ಕಾಯ್ದೆಯ ಹೆಸರು ಎತ್ತಲಿಲ್ಲ.

ಅದೇ ಹೊತ್ತಿಗೆ ದೊರೆ ಬಂದ. ತನ್ನ ಕಾಯ್ದೆ ಹೇಗೆ ನಡೆದಿದೆ ಎಂದು ನೋಡಬೇಕಿತ್ತು. ಗುಮಾಸ್ತ ಒಂದು ಟವೆಲು ಕೊಡಲು ಹೋದ. ಕಾಯ್ದೆ ಮಾಡಿದವನೇ ಮುಖ ಮುಚ್ಚಿದರೆ ಚೆನ್ನಾಗಿರುವುದಿಲ್ಲ ಎಂದು ದೊರೆ ಬೇಡವೆಂದ. ಬಂದವನಿಗೆ ಪೇಟೆ ಹೊರಗಿರುವುದು ಕಂಡಿತು. ಒಳಗೆ ಏನಾಗಿದೆ ನೋಡೋಣವೆಂದು ಬರಿಮುಖದಲ್ಲಿ ಒಳಗೆ ಹೋದ. ಒಳಗೆ ಇಬ್ಬರು ಹಮಾಲರು ಉಳಿದ ರಾಶಿಯನ್ನು ಸಲಿಕೆಯಿಂದ ಮಗುಚುತ್ತಿದ್ದರು.

ದೊರೆ ಹೋದದ್ದಕ್ಕಿಂತ ಬೇಗ ಹೊರಗೆ ಬಂದ. ಹೆಗಲ ಶಾಲು ಕಣ್ಣಿನವರೆಗೆ ಏರಿತ್ತು. ಒಂದು ಸೀನು, ಅದು ಮುಗಿಯುವ ಮೊದಲೇ ಇನ್ನೊಂದು. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು.

ಯಮನಪ್ಪ ಅಡ್ಡ ನಿಂತ. ಅವನಿಗೆ ಯಾರನ್ನೂ ಕೇಳದೆ ಬಿಡಬೇಡ ಎಂದು ಅಪ್ಪಣೆಯಾಗಿತ್ತು. ಅಪ್ಪಣೆ ಮಾಡಿದವನು ದೊರೆಯೇ. ಬಗ್ಗಿ ನಮಸ್ಕಾರ ಮಾಡಿ, ಈ ಬಟ್ಟೆ ದೇವರಿಗೋ ಕೆಲಸಕ್ಕೋ ಎಂದು ಕೇಳಿದ. ದೊರೆ ಉತ್ತರ ಹೇಳಲು ಬಾಯಿ ತೆರೆದ. ಸೀನು ಬಂತು. ಮತ್ತೆ ತೆರೆದ. ಮತ್ತೆ ಬಂತು. ಏಳನೆಯ ಸೀನು ಮುಗಿದಾಗ ಸುಸ್ತಾಗಿ, ಅಯ್ಯೋ ದೇವರೇ ಎಂದ.

ಯಮನಪ್ಪ ತಲೆ ಕೆರೆದುಕೊಂಡ. ದೇವರ ಹೆಸರು ಬಂತಲ್ಲ, ಈಗ ಬಿಚ್ಚಬೇಕಾಗುತ್ತದೆ ಎಂದು ಬಹಳ ಸಂಕೋಚದಿಂದ ಹೇಳಿದ.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಹಮಾಲರು ಚೀಲ ಇಳಿಸಿ ನಕ್ಕರು. ದಲಾಲನೊಬ್ಬ ತಕ್ಕಡಿಯ ತಟ್ಟೆ ಹಿಡಿದುಕೊಂಡು ನಕ್ಕ. ಹನ್ನೆರಡು ಹೆಂಗಸರು ಒಬ್ಬರ ಮೇಲೊಬ್ಬರು ಒರಗಿದರು. ಗುಮಾಸ್ತ ಆರು ತಿಂಗಳಿಂದ ತಡೆದಿದ್ದ ನಗೆಯನ್ನು ಅವತ್ತು ಬಿಟ್ಟ. ಕೊನೆಗೆ ದೊರೆಗೂ ನಗೆ ಬಂತು. ಸೀನು, ನಗೆ, ಎರಡೂ ಸೇರಿ ಅವನು ಬೇವಿನ ಬುಡದಲ್ಲಿ ಕೂತೇಬಿಟ್ಟ.

ಯಾರೋ ನೀರು ತಂದರು. ಮಾಲನಬಿ ತಡೆದಳು. ನೀರು ಹಾಕಿದರೆ ಉರಿ ಹೆಚ್ಚುತ್ತದೆ ಎಂದು ತನ್ನ ಬುತ್ತಿಯ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಕೊಟ್ಟಳು. ಉರಿ ಇಳಿಯಿತು. ದೊರೆ ಅವಳನ್ನು ನೋಡಿ, ಒಳಗೆ ಕೂರಬೇಕಾದವಳು ಇಲ್ಲೇಕೆ ಕೂತೆ ಎಂದು ಕೇಳಿದ. ಅವಳು ಹೇಳಿದಳು. ನಿನ್ನ ಮುಖಕ್ಕೆ ಇದನ್ನು ಕಟ್ಟಿದವರು ಯಾರು ಎಂದು ಕೇಳಿದ. ಇದನ್ನು ಯಾರೂ ಇದುವರೆಗೆ ಕೇಳಿರಲಿಲ್ಲ ಎಂದು ಅವಳು ಖುಷಿಪಟ್ಟು ಹೇಳಿದಳು. ಚಿಕ್ಕಂದಿನಲ್ಲಿ ಅಜ್ಜಿ ಕಟ್ಟಿದಳು. ಮದುವೆಯಾದ ಹೊಸದರಲ್ಲಿ ಬೇಸರವಾಗಿ ಒಂದು ವರ್ಷ ತಾನೇ ಬಿಚ್ಚಿಟ್ಟಳು. ಮತ್ತೆ ಮನಸ್ಸಾಯಿತು, ಕಟ್ಟಿದಳು. ಅವಳ ನಾದಿನಿ ಕಟ್ಟುವುದೇ ಇಲ್ಲ, ಅಲ್ಲಿ ಮೂರನೆಯ ತಟ್ಟಿನ ಮೇಲೆ ಕೂತಿದ್ದಾಳೆ, ಘಾಟಿಗೆ ಸೆರಗು ಕಟ್ಟಿದ್ದಾಳೆ.

ದೊರೆ ಓಣಿಯ ಹುಡುಗಿಯ ಮಾತು ತೆಗೆದ. ತಾನು ಕಾಯ್ದೆ ಮಾಡಿದ್ದು ಅವಳಿಗಾಗಿ ಎಂದ. ಅವಳ ಅಳು ತನಗೆ ಇನ್ನೂ ಕೇಳಿಸುತ್ತದೆ ಎಂದ.

ಮಾಲನಬಿಗೆ ಆ ಹುಡುಗಿ ಗೊತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಆ ಹುಡುಗಿ ಅತ್ತಿದ್ದು ಚಿಕ್ಕಪ್ಪನ ಕೈಗೆ, ಧಣ್ಯಾರ. ನೀವು ಕೈ ಬಿಟ್ಟು ಬಟ್ಟಿ ಹಿಡದ್ರಿ. ಇವತ್ತ ಬಾಗಿಲದಾಗ ನನ್ನ ಬಟ್ಟಿಗೂ ಒಂದು ಕೈ ಬಂತು, ಅದು ನಿಮ್ಮದು."

ದೊರೆ ಮಜ್ಜಿಗೆಯ ಬಟ್ಟೆಯನ್ನು ಮಡಿಸಿ ಅವಳಿಗೆ ಹಿಂದಿರುಗಿಸಿದ. ಆಮೇಲೆ ಗುಮಾಸ್ತನನ್ನು ಕರೆದು ಅಲ್ಲೇ, ಗೋಣಿತಟ್ಟಿನ ಮೇಲೆ, ಹಳೆಯ ಕಾಯ್ದೆ ಹೊಡೆದುಹಾಕಿಸಿ ಹೊಸದು ಬರೆಸಿದ. ಒಬ್ಬರ ಮುಖದ ಬಟ್ಟೆಯ ಮೇಲೆ ಇನ್ನೊಬ್ಬರ ಕೈ ಬೀಳಬಾರದು, ಕಟ್ಟುವುದಕ್ಕೂ ಬೀಳಬಾರದು, ಬಿಚ್ಚುವುದಕ್ಕೂ ಬೀಳಬಾರದು. ಗುಮಾಸ್ತ ಈ ಸಲ ತಾನಾಗಿಯೇ ಬಾಯಿಬಿಟ್ಟ. ಗುರುತು ಹಿಡಿಯಲೇಬೇಕಾದ ಸಂದರ್ಭ ಬಂದರೆ ಏನು ಮಾಡುವುದು ಎಂದ. ಅದಕ್ಕೆ ಯಮನಪ್ಪನ ಹೆಂಡತಿ ದ್ಯಾಮವ್ವನನ್ನು ಬಾಗಿಲಲ್ಲಿ ಒಂದು ಪರದೆಯ ಹಿಂದೆ ಕೂರಿಸಿದರು. ಹೆಂಗಸರು ಅವಳಿಗೆ ಮುಖ ತೋರಿಸಿ ಒಳಗೆ ಹೋಗಬಹುದು. ದ್ಯಾಮವ್ವ ಗಂಡನಿಗಿಂತ ಗಟ್ಟಿ. ಆಮೇಲೆ ಅವನನ್ನೇ ಎರಡು ಸಲ ಹೊರಗೆ ನಿಲ್ಲಿಸಿದ್ದಳಂತೆ.

ಹುಡುಗಿಯ ಚಿಕ್ಕಪ್ಪನನ್ನು ಕರೆಸಿದರು. ದೊರೆಯ ಮುಂದೆ ಅವನು ಕೈ ಕಟ್ಟಿಕೊಂಡು ನಿಂತ. ಆ ಕೈ ಹಾಗೇ ಇರಲಿ ಎಂದ ದೊರೆ. ಮುಂದಿನ ಸೋಮವಾರ ಹುಡುಗಿ ಬರಿಮುಖದಲ್ಲಿ ಪೇಟೆಗೆ ಬಂದಳು, ಬಾಗಿಲು ದಾಟಿದ ಕೂಡಲೇ ಸೀನಿದಳು, ಎಲ್ಲರ ಹಾಗೆ ಓಡಿಹೋಗಿ ಒಂದು ಟವೆಲು ಇಸಿದುಕೊಂಡಳು. ಮೊದಲ ಸಾಲಿನ ಕೊನೆಯಲ್ಲಿ ಅವಳಿಗೆ ಜಾಗವಾಯಿತು. ಪದ್ಧತಿಗೆ ಒಂದು ವಾರ ತಡವಾದದ್ದನ್ನು ಯಾರೂ ಎಣಿಸಲಿಲ್ಲ.

ಆ ಮೊದಲ ಸೋಮವಾರ ಮಾತ್ರ ತಕ್ಕಡಿ ಬೇವಿನ ಕೊಂಬೆಯಲ್ಲೇ ಏರಿತು. ಮಾಲನಬಿ ತನ್ನ ಸಾಲಿನ ಮೊದಲಿಗೆ ಕೂತಿದ್ದಳು. ಕಾಯಿಯೊಂದನ್ನು ಕಿವಿಗೆ ಹಿಡಿದು ಅಲುಗಿಸಿ, ಒಣಗಿದೆ, ಹಾಕು ಎಂದಳು.

ಕತೆ ಮುಗಿಯಿತು. ಶಿಷ್ಯೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಣ್ಣನಿಗೆ ಯಾವ ಭಾಗ ಹೇಳಬೇಕು, ಮಾವನಿಗೆ ಯಾವ ಭಾಗ ಹೇಳಬೇಕು ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದಳು. ಏಳುವಾಗ ಒಂದು ಮಾತು ನೆನಪಾಗಿ ಮತ್ತೆ ಕೂತಳು.

"ಅದು ಸರಿ ಗುರುಗಳೇ, ಆ ಮಾಲನಬಿ ನೋಡಲು ಹೇಗಿದ್ದಳು? ಕೊನೆಗಾದರೂ ಯಾರಾದರೂ ಅವಳ ಮುಖ ಕಂಡರೇ?"

ಗುರುಗಳು ಅವಳನ್ನು ಅಕ್ಕರೆಯಿಂದ ನೋಡಿದರು. ಅವರು ಆಮೇಲೆ ಹೇಳಿದ್ದು ಒಂದೇ ಮಾತು:

"ಅವತ್ತು ಆ ಪೇಟೆಯಲ್ಲಿ ಮುನ್ನೂರು ಮುಖಗಳಿಗೆ ಬಟ್ಟೆಯಿತ್ತು ಮಗಳೇ, ನೀನು ನೋಡಬೇಕೆಂದದ್ದು ಒಂದನ್ನೇ."